ಸರ್ವರ್ ಬಾಡಿಗೆಯದು, ಹೊಣೆ ನಮ್ಮದು

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಕೈಕೊಟ್ಟಿತು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿತ್ತು. ಸೋಂಕು ಬೇರೆಡೆಗೆ ಹಬ್ಬದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನೇ ತಾತ್ಕಾಲಿಕವಾಗಿ ಕಡಿದುಹಾಕಿತು. ಪರೀಕ್ಷೆ ಮುಗಿದ ಮೇಲೆ, ಮರುದಿನ, ಮತ್ತೆ ಜೋಡಿಸಿತು.

ಇಷ್ಟೊಂದು ಬ್ಯಾಂಕುಗಳು ಒಬ್ಬರನ್ನೇ ನಂಬಿಕೊಂಡದ್ದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನನಗೆ ಮುಖ್ಯವಾಗಿ ಕಾಣುವುದು ಆ ಮರುದಿನ. ಎಲ್ಲಿ ಕಡಿಯಬೇಕು, ಯಾವಾಗ ಜೋಡಿಸಬೇಕು ಎಂದು ತಿಳಿದವರು ಇದ್ದರು. ಕಡಿದರೆ ಉಳಿದ ಜಾಲ ನಡೆಯುವಂಥ ಏರ್ಪಾಡೂ ಇತ್ತು.

ದೆಹಲಿಯ ಏಮ್ಸ್ ಆಸ್ಪತ್ರೆಯ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳಿಗೆ ದಾಳಿಕೋರರು ಬೀಗ ಜಡಿದರು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಹೊರರೋಗಿಗಳ ಚೀಟಿಯಿಂದ ಹಿಡಿದು ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ಕಾರಣವೇನೆಂದು ಸರ್ಕಾರ ಸಂಸತ್ತಿಗೆ ಹೇಳಿತು: ಜಾಲವನ್ನು ಸರಿಯಾಗಿ ಭಾಗ ಮಾಡಿರಲಿಲ್ಲ. ಗದ್ದೆಗೆ ಬದು ಇಲ್ಲದಿದ್ದರೆ ಒಂದು ಮೂಲೆಗೆ ನುಗ್ಗಿದ ನೀರು ಎಲ್ಲ ಕಡೆ ಹರಿಯುವ ಹಾಗೆ, ಒಳಹೊಕ್ಕವರಿಗೆ ತಡೆಯೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ದಾಳಿ ಮುಟ್ಟದೆ ಉಳಿದ ಒಂದು ಬ್ಯಾಕಪ್ ಸರ್ವರ್.

ಏಮ್ಸ್‌ನಂಥ ಸಂಸ್ಥೆಯ ಪಾಡೇ ಇದಾದರೆ, ಪೀಣ್ಯದ ಒಂದು ಲೇತ್ ವರ್ಕ್‌ಶಾಪ್ ಅಥವಾ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ ಏನು ಮಾಡಬೇಕು? ಅಲ್ಲಿ ಸಾಮಾನ್ಯವಾಗಿ ಆಫೀಸಿನ ಮೂಲೆಯಲ್ಲಿ ಒಂದು ಕಂಪ್ಯೂಟರ್, ಅದರಲ್ಲಿ ಟ್ಯಾಲಿ, ಜಿಎಸ್‌ಟಿ ಬಿಲ್ಲುಗಳು, ಗಿರಾಕಿ ಕಳಿಸಿದ ಡ್ರಾಯಿಂಗ್‌ಗಳು. ಬ್ಯಾಕಪ್ ಎಂದರೆ ಅದೇ ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಪೆನ್‌ಡ್ರೈವ್. ಕಂಪ್ಯೂಟರಿಗೆ ಬೀಗ ಬಿದ್ದರೆ ಪೆನ್‌ಡ್ರೈವಿಗೂ ಬೀಳುತ್ತದೆ. ಭದ್ರತೆಗೆಂದೇ ಒಬ್ಬ ಇಂಜಿನಿಯರನ್ನು ಇಟ್ಟುಕೊಳ್ಳುವ ಶಕ್ತಿ ಆ ಮಾಲೀಕರಿಗಿಲ್ಲ.

ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್, ಇವರಿಗೇ ಹೆಚ್ಚು ಉಪಯೋಗಕ್ಕೆ ಬರುವುದು. ಸರ್ವರ್ ಕೊಳ್ಳುವ ದುಡ್ಡು ಉಳಿಯಿತು, ಕರೆಂಟ್ ಬಿಲ್ ಇಳಿಯಿತು ಎಂಬ ಲೆಕ್ಕ ಎಲ್ಲರೂ ಹೇಳುತ್ತಾರೆ. ಅದು ಸಣ್ಣ ಲಾಭ. ದೊಡ್ಡ ಲಾಭ, ಹಗಲುರಾತ್ರಿ ಕಾಯುವವರ ಸೇವೆಯನ್ನು ಹಲವರೊಡನೆ ಹಂಚಿಕೊಂಡು ಪಡೆಯುವುದು. 2017ರ ಮೇ 12ರಂದು ಜಗತ್ತಿನ ತುಂಬ ಹರಡಿದ ವಾನ್ನಕ್ರೈ ಎಂಬ ರ‍್ಯಾನ್ಸಮ್‌ವೇರ್‌ಗೆ ಮದ್ದು ಮಾರ್ಚ್‌ನಲ್ಲೇ ಬಂದಿತ್ತು. ಮೈಕ್ರೋಸಾಫ್ಟ್ ಕೊಟ್ಟ ಆ ಅಪ್‌ಡೇಟ್ ಹಾಕಿಕೊಂಡಿದ್ದವರ ಯಂತ್ರಗಳೊಳಗೆ ಅದು ತಾನಾಗಿ ನುಗ್ಗಲಾಗಲಿಲ್ಲ. ಈ ಅಪ್‌ಡೇಟ್ ಕೆಲಸವನ್ನು ದಿನನಿತ್ಯದ ಕರ್ತವ್ಯವಾಗಿ ಮಾಡುವವರು ಸೇವೆ ಕೊಡುವ ಕಂಪನಿಯಲ್ಲಿರುತ್ತಾರೆ.

ಭದ್ರತೆಯ ಆಲೋಚನೆಯೂ ಬದಲಾಗಿದೆ. ಮೊದಲು ಆಫೀಸಿನ ಜಾಲದೊಳಗೆ ಬಂದವರೆಲ್ಲ ನಂಬಿಕಸ್ಥರು ಎಂಬ ಲೆಕ್ಕವಿತ್ತು. 2009ರಲ್ಲಿ ತನ್ನ ಮೇಲೆಯೇ ದಾಳಿಯಾದ ನಂತರ ಗೂಗಲ್ ಆ ಲೆಕ್ಕವನ್ನು ಕೈಬಿಟ್ಟು, ಎಲ್ಲಿಂದ ಬಂದರೂ ಪ್ರತಿ ಸಲ ವ್ಯಕ್ತಿಯನ್ನೂ ಸಾಧನವನ್ನೂ ಪರೀಕ್ಷಿಸುವ ಕ್ರಮ ತಂದಿತು. ಝೀರೊ ಟ್ರಸ್ಟ್ ಎನ್ನುವುದು ಇದನ್ನೇ. ಅಂದು ದೈತ್ಯ ಕಂಪನಿಗಳಿಗೆ ಮಾತ್ರ ಸಾಧ್ಯವಿದ್ದದ್ದು ಇಂದು ತಿಂಗಳ ಬಾಡಿಗೆಗೆ ಸಿಗುತ್ತದೆ.

ಬಾಡಿಗೆಗೆ ಸಿಗದ ಸಂಗತಿಗಳೂ ಇವೆ. 2014ರಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆಯೊಳಗೆ ನುಗ್ಗಿದವರು ಅದರ ದತ್ತಾಂಶವನ್ನೂ ಬಹುಪಾಲು ಬ್ಯಾಕಪ್ಪನ್ನೂ ಅಳಿಸಿದರು. ಕಂಪನಿ ಮುಚ್ಚಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಸುಟ್ಟುಹೋದಾಗ, ಬೇರೆಡೆ ಪ್ರತಿ ಇಡದಿದ್ದ ಗ್ರಾಹಕರ ದತ್ತಾಂಶ ಮರಳಿ ಬರಲಿಲ್ಲ. ಕಟ್ಟಡ, ಯಂತ್ರ, ಜಾಲ ಸೇವೆ ಕೊಡುವವರ ಹೊಣೆ. ಪಾಸ್‌ವರ್ಡ್, ಯಾರಿಗೆ ಏನು ತೆರೆಯಬೇಕೆಂಬ ತೀರ್ಮಾನ, ಬೇರೆ ಊರಿನಲ್ಲಿ ಬೇರೆ ಖಾತೆಯಲ್ಲಿ ಇನ್ನೊಂದು ಪ್ರತಿ, ಇವು ಮಾಲೀಕರವು. ಕೆಲಸ ಬಿಟ್ಟುಹೋದ ಗುಮಾಸ್ತರ ಲಾಗಿನ್ ಇನ್ನೂ ನಡೆಯುತ್ತಿದ್ದರೆ ಯಾವ ಕ್ಲೌಡ್ ಕೂಡ ಕಾಪಾಡದು.

ಕಾನೂನೂ ಸುಮ್ಮನೆ ಕೂತಿಲ್ಲ. 2022ರ ಏಪ್ರಿಲ್ 28ರ ಆದೇಶದಂತೆ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಯಂತ್ರಗಳಲ್ಲಿ ನಡೆದದ್ದರ 180 ದಿನಗಳ ದಾಖಲೆ (ಲಾಗ್) ಕಾಪಿಡಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸಣ್ಣ ಉದ್ಯಮದವರಲ್ಲಿ ನನ್ನದೊಂದು ಕೋರಿಕೆ. ಕ್ಲೌಡ್ ಮಾರಲು ಬಂದವರನ್ನು ದರದ ಬಗ್ಗೆ ಕೇಳುವ ಮೊದಲು ಇದನ್ನು ಕೇಳಿ: ನಮ್ಮ ಬ್ಯಾಕಪ್ ಯಾವ ಊರಿನಲ್ಲಿದೆ, ಅದರಿಂದ ಎಲ್ಲವನ್ನೂ ಮರಳಿ ತಂದು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ದಾಳಿಯಾದರೆ ನಡುರಾತ್ರಿ ಫೋನ್ ಎತ್ತುವವರು ಯಾರು? ಉತ್ತರವನ್ನು ಬರವಣಿಗೆಯಲ್ಲಿ ಕೊಡದವರ ಒಪ್ಪಂದಕ್ಕೆ ಸಹಿ ಹಾಕಬೇಡಿ.