ವೇಗಿಯ ಭುಜದ ಲೆಕ್ಕ ಬರೆದವರು ಯಾರು?

ಶ್ರೀರಂಗಪಟ್ಟಣದ ಹೋಟೆಲಿನಲ್ಲಾಗಲಿ, ಪಾಂಡವಪುರದ ಸಕ್ಕರೆ ಕಾರ್ಖಾನೆಯ ಹಾದಿಯ ಟೀ ಅಂಗಡಿಯಲ್ಲಾಗಲಿ ಐವತ್ತರ ಆಸುಪಾಸಿನ ನಾಲ್ಕು ಮಂದಿ ಕ್ರಿಕೆಟ್ ಪ್ರಿಯರು ಕೂತರೆಂದರೆ ಮಾತು ಸುತ್ತಿ ಬಳಸಿ ಜಾವಗಲ್ ಶ್ರೀನಾಥ್ ಅವರ ಭುಜಕ್ಕೆ ಬಂದು ನಿಲ್ಲುವುದುಂಟು. 1997ರಲ್ಲಿ ಕೆಟ್ಟ ಭುಜ ಅದು. ಅದನ್ನು ಕೆಡಿಸಿದವರು ಯಾರು? ನಾಯಕನೇ, ಕ್ರಿಕೆಟ್ ಮಂಡಳಿಯೇ, ಇಲ್ಲಾ ‘ಸಾಕು’ ಎನ್ನಲು ಬಾರದ ಶ್ರೀನಾಥ್ ಅವರೇ? ಕಾಲು ಶತಮಾನ ಕಳೆದಿದ್ದರೂ ತೀರ್ಪು ಬಂದಿಲ್ಲ.

ಈ ಸೀಮೆಯವರಿಗೆ ಈ ವಿಷಯದಲ್ಲಿ ಇಷ್ಟೊಂದು ಹಕ್ಕು ಬಂದದ್ದಾದರೂ ಹೇಗೆ? ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ ಸೀಮೆ ಹಾದು, ಕೆ.ಆರ್. ಪೇಟೆ ದಾಟಿ ಅರಸೀಕೆರೆ ಕಡೆಗೆ ಹೋಗುವ ರಸ್ತೆಯನ್ನು ನೆನಪಿಸಿಕೊಂಡರೆ ತಿಳಿಯುತ್ತದೆ. ಶ್ರೀನಾಥ್ 1969ರಲ್ಲಿ ಹುಟ್ಟಿದ್ದು, ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರಿನಲ್ಲಿ. ಹೆಸರಿನ ಮುಂದಿರುವ ಜಾವಗಲ್ ಅರಸೀಕೆರೆ ತಾಲ್ಲೂಕಿನದು. ಹೆಸರಿಗೂ ಹುಟ್ಟೂರಿಗೂ ನಡುವೆ ಬೀಳುವ ಊರುಗಳು ಇವು. ರಸ್ತೆಯಿಂದ ತುಸು ಪಕ್ಕಕ್ಕಿರುವ ನಾಗಮಂಗಲದವರೂ ಅವರನ್ನು ಬಿಟ್ಟುಕೊಡುವುದಿಲ್ಲ, ಅದು ಬೇರೆ ಮಾತು.

ನಡೆದದ್ದನ್ನು ಮೊದಲು ನೋಡಬೇಕು. 1991ರ ಕೊನೆಯಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಪದಾರ್ಪಣೆ ಮಾಡಿದ ಶ್ರೀನಾಥ್ ಅವರಿಗೆ ಸ್ವದೇಶದಲ್ಲಿ ಮೊದಲ ಟೆಸ್ಟ್ ಆಡಲು ಸಿಕ್ಕಿದ್ದು 1994ರ ನವೆಂಬರ್‌ನಲ್ಲಿ! ನಡುವೆ ತವರಿನಲ್ಲಿ ನಡೆದ ಏಳು ಟೆಸ್ಟ್‌ಗಳನ್ನು ಅವರು ಹೊರಗೇ ಕುಳಿತು ನೋಡಿದರು. ನಮ್ಮ ಹುಡುಗನಿಗೆ ಅನ್ಯಾಯವಾಯಿತು ಎಂದು ಆಗ ಕೂಗಾಡಿದವರೇ, ಆ ಮೂರು ವರ್ಷ ಭುಜಕ್ಕೆ ಸಿಕ್ಕ ವಿಶ್ರಾಂತಿ ಮುಂದೆ ಸಿಗಲೇ ಇಲ್ಲವಲ್ಲ ಎಂದು ಆಮೇಲೆ ಹೇಳಿದ್ದೂ ಉಂಟು.

ಬಾಗಿಲು ತೆರೆದ ಮೇಲೆ ಕೆಲಸ ಒಮ್ಮೆಗೇ ಮೈಮೇಲೆ ಬಿತ್ತು. 1995ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಗೆ ಆಡಿ 87 ವಿಕೆಟ್ ತೆಗೆದರು. 1996ರಲ್ಲಿ ವಿಶ್ವಕಪ್, ಅದರ ಬೆನ್ನಿಗೇ ಸಿಂಗಪುರ, ಷಾರ್ಜಾ, ಮತ್ತೆ ಇಂಗ್ಲೆಂಡ್ ಪ್ರವಾಸ. ಆ ವರ್ಷದ ಜೂನ್‌ನಿಂದ 1997ರ ಜನವರಿಯೊಳಗೆ ಭಾರತ ಹತ್ತು ಟೆಸ್ಟ್ ಆಡಿತು. ಶ್ರೀಲಂಕಾ, ಟೊರಾಂಟೊ, ಟೈಟನ್ ಕಪ್, ದಕ್ಷಿಣ ಆಫ್ರಿಕಾದ ಏಕದಿನ ಪಂದ್ಯಗಳು ಬೇರೆ. ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಒಂಟಿ ಟೆಸ್ಟ್‌ನಲ್ಲಿ ಶ್ರೀನಾಥ್ ಆಡಲಿಲ್ಲ. ಆ ಪಂದ್ಯದಲ್ಲಿ ಚೆಂಡು ಹಿಡಿದ ಹೊಸಬ ಡೇವಿಡ್ ಜಾನ್ಸನ್ ಕೂಡ ಅರಸೀಕೆರೆಯಲ್ಲೇ ಹುಟ್ಟಿದವರು. ನವೆಂಬರ್‌ನಲ್ಲಿ ಅಹಮದಾಬಾದ್‌ನ ನಿರ್ಜೀವ ಪಿಚ್ ಮೇಲೆ ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತಾಗ, 170 ರನ್ ಬೆನ್ನಟ್ಟಿದ್ದ ದಕ್ಷಿಣ ಆಫ್ರಿಕಾ 105ಕ್ಕೆ ಕುಸಿಯಿತು. ಇಂಥ ಬೌಲರನ್ನು ಯಾವ ನಾಯಕ ತಾನೇ ಕೂರಿಸಿಯಾನು?

ಆಮೇಲೆ ಬಂದದ್ದು 1997ರ ಮಾರ್ಚ್. ವೆಸ್ಟ್ ಇಂಡೀಸ್ ಸರಣಿ ಶುರುವಾಗುವ ಹೊತ್ತಿಗೆ ಶ್ರೀನಾಥ್ ತಂಡದಲ್ಲಿರಲಿಲ್ಲ. ರೊಟೇಟರ್ ಕಫ್ ಗಾಯ ಎಂಬ ಹೊಸ ಶಬ್ದ ಕನ್ನಡ ಪತ್ರಿಕೆಗಳ ಕ್ರೀಡಾಪುಟ ಸೇರಿತು. ತೋಳಿನ ಮೂಳೆಯ ಗುಂಡನೆಯ ತುದಿಯನ್ನು ಭುಜದ ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪಿಗೆ ಆ ಹೆಸರು. ಬೌಲರ್ ಚೆಂಡು ಬಿಟ್ಟ ಮೇಲೂ ತೋಳು ಅದೇ ರಭಸದಲ್ಲಿ ಮುಂದಕ್ಕೆ ಹಾರಿಹೋಗಲು ನೋಡುತ್ತದೆ. ಅದನ್ನು ಹಿಂದಕ್ಕೆಳೆದು ತಡೆಯುವ ಕೆಲಸ ಈ ಸ್ನಾಯುಗಳದ್ದು. ಬಾವಿಯ ಹಗ್ಗದಂತೆ ಇವೂ ಒಂದೇ ದಿನದಲ್ಲಿ ಹರಿಯುವುದಿಲ್ಲ, ಎಳೆ ಎಳೆಯಾಗಿ ಸವೆಯುತ್ತವೆ. ಶ್ರೀನಾಥ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತಂಡಕ್ಕೆ ಮರಳಿದ್ದು ನವೆಂಬರ್‌ನಲ್ಲಿ.

ಅವರಿಲ್ಲದ ಆ ಪ್ರವಾಸದಲ್ಲಿ ಬಾರ್ಬಡೋಸ್ ಟೆಸ್ಟ್ ಗೆಲ್ಲಲು ಬೇಕಿದ್ದುದು 120 ರನ್. ಭಾರತ 81ಕ್ಕೆ ಆಲೌಟ್. ಶ್ರೀನಾಥ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎನ್ನುವವರು ಇವತ್ತಿಗೂ ಇದ್ದಾರೆ. ಸೋತದ್ದು ಬ್ಯಾಟ್ಸ್‌ಮನ್‌ಗಳಿಂದಲ್ಲವೇ ಎಂದು ಕೇಳಿದರೆ ಮಾತು ಬದಲಾಯಿಸುತ್ತಾರೆ!

ವಾದ ಬಿಸಿಯೇರುವುದು ಇಲ್ಲಿಂದ ಮುಂದೆ. ದುಡಿಸಿಕೊಂಡು ಕೆಡಿಸಿದರು ಎಂಬುದು ಒಂದು ಗುಂಪಿನ ಮಾತು. ಹಾಗಾದರೆ ಕಪಿಲ್ ದೇವ್‌ಗೆ ಏಕೆ ಹೀಗಾಗಲಿಲ್ಲ ಎಂಬುದು ಇನ್ನೊಂದು ಗುಂಪಿನ ಪಾಟೀಸವಾಲು. ಅದೇನು ಹಗುರವಾದ ಸವಾಲಲ್ಲ. ಕಪಿಲ್ 131 ಟೆಸ್ಟ್ ಆಡಿ, ಟೆಸ್ಟ್‌ಗಳಲ್ಲೇ 27 ಸಾವಿರಕ್ಕೂ ಹೆಚ್ಚು ಎಸೆತ ಹಾಕಿದರು. ಗಾಯದ ಕಾರಣಕ್ಕೆ ಒಂದು ಟೆಸ್ಟ್ ಕೂಡ ತಪ್ಪಿಸಿಕೊಳ್ಳಲಿಲ್ಲ. ಶ್ರೀನಾಥ್ ಟೆಸ್ಟ್ ಮತ್ತು ಏಕದಿನ ಎರಡೂ ಸೇರಿ ಹಾಕಿದ್ದು ಸುಮಾರು 27 ಸಾವಿರ ಎಸೆತ. ಒಬ್ಬನಿಗೆ ತಡೆದದ್ದು ಇನ್ನೊಬ್ಬನಿಗೆ ತಡೆಯುವುದಿಲ್ಲ. ಮೈಕಟ್ಟು, ಓಟ, ತೋಳು ತಿರುಗುವ ರೀತಿ, ವೇಗ ಎಲ್ಲವೂ ಬೇರೆ ಬೇರೆ. ಕಪಿಲ್ ಅವರನ್ನು ಅಳತೆಗೋಲು ಮಾಡಿಕೊಂಡರೆ ಎಲ್ಲ ವೇಗಿಗಳೂ ಸೋಮಾರಿಗಳಾಗಿಯೇ ಕಾಣುತ್ತಾರೆ.

ನಿಜವಾದ ತಪ್ಪು ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವಂಥದ್ದಲ್ಲ. ಕೌಂಟಿಯವರು ತಮ್ಮ ಓವರ್‌ಗಳನ್ನು ಎಣಿಸಿದರು, ಟೆಸ್ಟ್ ನಾಯಕ ಆ ಟೆಸ್ಟ್‌ನದನ್ನು, ಏಕದಿನದ ನಾಯಕ ತನ್ನ ಪಾಲಿನ ಹತ್ತನ್ನು. ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದು ಮೊತ್ತ ಕೂಡಿಸುವ ವ್ಯವಸ್ಥೆ ಇರಲಿಲ್ಲ. ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬೆಂಗಳೂರಿನಲ್ಲಿ ಆರಂಭವಾದದ್ದೇ 2000ದಲ್ಲಿ.

ಅಮೆರಿಕದ ಬೇಸ್‌ಬಾಲ್‌ನವರಿಗೆ ಈ ಪಾಠ ಬೇಗ ಸಿಕ್ಕಿತು. ಅಲ್ಲಿ ಚೆಂಡೆಸೆಯುವ ಪಿಚರ್ ಮೊಣಕೈ ಬಗ್ಗಿಸಿ ಬೀಸುತ್ತಾನೆ. ಹಾಗಾಗಿ ಮೊಣಕೈಯ ಒಳಬದಿಯ ಅಸ್ಥಿರಜ್ಜು ಹರಿಯುತ್ತದೆ. ನಮ್ಮ ಬೌಲರ್ ತೋಳು ನೀಳವಾಗಿಟ್ಟು ತಿರುಗಿಸುವುದರಿಂದ ಪೆಟ್ಟು ಹೆಚ್ಚಾಗಿ ಭುಜಕ್ಕೂ ಸೊಂಟಕ್ಕೂ ಬೀಳುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರ್‌ನ ಹರಿದ ರಜ್ಜುವಿನ ಜಾಗಕ್ಕೆ ಅವನದೇ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ತಂದು ಕಸಿ ಮಾಡಿದರು. ಜಾನ್ 1976ರಲ್ಲಿ ಮರಳಿ ಬಂದು, ಆ ಮೇಲೆಯೇ 164 ಪಂದ್ಯ ಗೆದ್ದ. ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ಉಳಿಯಿತು.

ಅಲ್ಲಿನ ಅಭಿಮಾನಿಗಳ ಜಗಳವನ್ನೂ ಕೇಳಿ. ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ ಇದೇ ಶಸ್ತ್ರಚಿಕಿತ್ಸೆ ಆದದ್ದು 2010ರಲ್ಲಿ. 2012ರಲ್ಲಿ ವಾಷಿಂಗ್ಟನ್ ತಂಡ ಪ್ರಶಸ್ತಿಯ ಹಾದಿಯಲ್ಲಿತ್ತು. ಆದರೂ ಸೆಪ್ಟೆಂಬರ್‌ನಲ್ಲಿ, ಸುಮಾರು 160 ಇನಿಂಗ್ಸ್ ಮುಗಿದವೆಂದು ತಂಡವೇ ಅವನನ್ನು ಕೂರಿಸಿತು. ಅವನಿಲ್ಲದೆ ಸೇಂಟ್ ಲೂಯಿಸ್ ಎದುರು ಸೋತಿತು. ಒಂದು ಕಡೆ ಛೀಮಾರಿ, ಇನ್ನೊಂದು ಕಡೆ ಶಹಬ್ಬಾಸ್. 2019ರಲ್ಲಿ ಅದೇ ತಂಡ ವಿಶ್ವ ಸರಣಿ ಗೆದ್ದಾಗ ಸರಣಿಶ್ರೇಷ್ಠ ಅವನೇ. ಆಗ ಶಹಬ್ಬಾಸ್ ಅಂದವರು ಗೆದ್ದಂತೆ ಕಂಡರು. ಅದಾದ ಮೇಲೆ ಮೈ ಕೈಕೊಟ್ಟು ಎಂಟೇ ಎಂಟು ಪಂದ್ಯ ಆಡಿ, 2024ರಲ್ಲಿ ಆತ ನಿವೃತ್ತನಾದ. ಈಗ ಯಾರು ಗೆದ್ದಂತಾಯಿತು?

ಕ್ರಿಕೆಟ್‌ನಲ್ಲೂ ಮೊಣಕೈ ಪ್ರಕರಣಗಳಿಗೆ ಕೊರತೆಯಿಲ್ಲ. ಇಂಗ್ಲೆಂಡಿನ ಜೋಫ್ರಾ ಆರ್ಚರ್ 2019ರ ಲಾರ್ಡ್ಸ್ ಟೆಸ್ಟ್‌ನಲ್ಲಿ 44 ಓವರ್, ಅದೇ ವರ್ಷ ನ್ಯೂಜಿಲೆಂಡ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ 42 ಓವರ್ ಹಾಕಿದರು. ಮುಂದಿನ ವರ್ಷದ ಆರಂಭದಲ್ಲೇ ಮೊಣಕೈ ಮೂಳೆಯಲ್ಲಿ ಸೀಳು ಕಂಡಿತು. 2021ರಲ್ಲಿ ಎರಡು ಶಸ್ತ್ರಚಿಕಿತ್ಸೆಗಳಾದವು.

ನಮ್ಮಲ್ಲಿ ಈಗಿನ ಚರ್ಚೆ ಜಸ್‌ಪ್ರೀತ್ ಬೂಮ್ರಾ ಅವರದ್ದು. 2024-25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ 150ಕ್ಕೂ ಹೆಚ್ಚು ಓವರ್ ಹಾಕಿ 32 ವಿಕೆಟ್ ತೆಗೆದು, ಸಿಡ್ನಿಯಲ್ಲಿ ಬೆನ್ನು ಹಿಡಿದುಕೊಂಡು ಹೊರನಡೆದರು. 2025ರಲ್ಲಿ ಇಂಗ್ಲೆಂಡಿನಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡಿಸಿದರು. ಭಾರತ ಗೆದ್ದ ಎರಡು ಟೆಸ್ಟ್‌ಗಳೂ ಅವರಿಲ್ಲದವೇ! ಐದೂ ಟೆಸ್ಟ್ ಆಡಿ 185 ಓವರ್ ದಾಟಿದ ಮಹಮ್ಮದ್ ಸಿರಾಜ್ ಕೊನೆಯ ದಿನ ಓವಲ್‌ನಲ್ಲಿ ಗೆಲ್ಲಿಸಿಕೊಟ್ಟರು. ಕಪಿಲ್ ವಾದಿಗಳಿಗೆ ಹಬ್ಬ. ಆದರೆ ಬೂಮ್ರಾ ಬೆನ್ನಿಗೆ ಶಸ್ತ್ರಚಿಕಿತ್ಸೆ ಆದದ್ದನ್ನೂ ಮರೆಯುವಂತಿಲ್ಲ.

ಹೆಸರಾಂತ ಆಟಗಾರರನ್ನು ನೋಡಿಕೊಳ್ಳಲು ವೈದ್ಯರಿದ್ದಾರೆ. ಕೆ.ಆರ್. ಪೇಟೆಯ ಹದಿನಾಲ್ಕರ ಹುಡುಗನಿಗೆ ಯಾರಿದ್ದಾರೆ? ಭತ್ತ ಕುಯ್ದ ಗದ್ದೆ ಒಣಗಿ ಗಟ್ಟಿಯಾಯಿತೆಂದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳ ಕಾಲ. ಶಾಮಿಯಾನ, ಮೈಕು, ನಗದು ಬಹುಮಾನ. ಪಂದ್ಯಕ್ಕೆ ಒಬ್ಬ ಬೌಲರ್‌ಗೆ ಎರಡೇ ಓವರ್ ಇರಬಹುದು. ಇದರಲ್ಲೇನು ಅಪಾಯ ಎನಿಸುತ್ತದೆ. ಆದರೆ ಚೆನ್ನಾಗಿ ಎಸೆಯುವ ಹುಡುಗ ಒಂದೇ ದಿನ ನಾಲ್ಕು ಪಂದ್ಯ ಆಡುತ್ತಾನೆ. ವಾರದ ದಿನ ಶಾಲಾ ತಂಡಕ್ಕೆ ತೊಗಲಿನ ಚೆಂಡು, ಸಂಜೆ ಬೀದಿಯಲ್ಲಿ ಮತ್ತೆ ಆಟ, ಭಾನುವಾರ ಪಕ್ಕದೂರಿನವರು ಬೈಕಿನಲ್ಲಿ ಬಂದು ಕರೆದೊಯ್ಯುತ್ತಾರೆ. ವ್ಯಾಯಾಮ ಶಿಕ್ಷಕರಿಗೆ ಭಾನುವಾರದ್ದು ಗೊತ್ತಿರುವುದಿಲ್ಲ, ಪಕ್ಕದೂರಿನ ನಾಯಕನಿಗೆ ಶಾಲೆಯದ್ದು ಬೇಕಾಗಿಲ್ಲ. ಗ್ಲಾಸ್ಟರ್‌ಶೈರ್ ಮತ್ತು ಭಾರತ ತಂಡದ ಕಥೆಯೇ ಇದು. ಊರು ಮಾತ್ರ ಚಿಕ್ಕದು.

ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ದೊಡ್ಡವರಲ್ಲಿ ರಜ್ಜು ಹರಿಯುವ ಕಡೆ ಮಕ್ಕಳಲ್ಲಿ ಈ ಪದರವೇ ಎಳೆತಕ್ಕೆ ಸಿಕ್ಕಿ ನೋಯುತ್ತದೆ. ಬೌಂಡರಿಯಿಂದ ಮತ್ತೆ ಮತ್ತೆ ಬಲವಾಗಿ ಚೆಂಡೆಸೆಯುವುದೂ ಮೊಣಕೈಗೆ ಪಿಚರ್‌ನ ಎಸೆತದಷ್ಟೇ ಭಾರ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟ್ಲ್ ಲೀಗ್ 2007ರಿಂದ ಎಸೆತಗಳನ್ನೇ ಎಣಿಸುತ್ತದೆ. 11-12 ವರ್ಷದವರಿಗೆ ದಿನಕ್ಕೆ 85 ಎಸೆತದ ಮಿತಿ, 66 ದಾಟಿದರೆ ನಾಲ್ಕು ದಿನ ಕಡ್ಡಾಯ ವಿಶ್ರಾಂತಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13ರೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್ ಎಂದು ಗೆರೆ ಎಳೆದಿತ್ತು. ನಮ್ಮ ಗದ್ದೆ ಬಯಲಿಗೆ ಅಂಥ ಗೆರೆ ಎಳೆಯುವ ಮಂಡಳಿ ಬರುವುದಿಲ್ಲ. ಎರಡು ರೂಲು ಹಾಕಿದ ನೋಟ್‌ಬುಕ್ ಸಾಕು. ತಾರೀಖು, ಎಲ್ಲಿ ಆಡಿದೆ, ಎಷ್ಟು ಓವರ್, ನೆಟ್ಸ್‌ನಲ್ಲಿ ಎಷ್ಟು, ನೋವಿತ್ತೇ ಇಲ್ಲವೇ. ಹುಡುಗನೇ ಬರೆಯಲಿ, ಶನಿವಾರ ರಾತ್ರಿ ಅಪ್ಪನೋ ಅಮ್ಮನೋ ಒಮ್ಮೆ ಮೊತ್ತ ಕೂಡಿಸಲಿ.

ಕೂತರೆ ಜಾಗ ಹೋಗುತ್ತದೆ ಎಂಬ ಹೆದರಿಕೆ ಹುಡುಗರಿಗಿರುತ್ತದೆ. ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿ ಕಳೆದುಕೊಂಡರು. ಆ ಸರಣಿಯಲ್ಲೇ ಹರಭಜನ್ ಸಿಂಗ್ 32 ವಿಕೆಟ್ ಕಿತ್ತು ಮನೆಮಾತಾದರು. ಕುಂಬ್ಳೆ ಕಾಲ ಮುಗಿಯಿತೆಂದು ಬರೆದವರಿದ್ದರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಅದಾದ ಮೇಲೆ. ಶ್ರೀನಾಥ್ ಕೂಡ ಭುಜ ಸರಿಪಡಿಸಿಕೊಂಡು ಬಂದು, 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದರು. 2003ರ ವಿಶ್ವಕಪ್ ಆಡಿ ನಿಲ್ಲಿಸಿದಾಗ ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್ ಅವರ ಹೆಸರಿನಲ್ಲಿದ್ದವು. ಭುಜ ಕೆಡದಿದ್ದರೆ ಮುನ್ನೂರು ದಾಟುತ್ತಿದ್ದರೋ, ಮೊದಲಿನ ವೇಗ ಉಳಿಯುತ್ತಿತ್ತೋ ಎಂಬ ವಾದವನ್ನು ಟೀ ಅಂಗಡಿಗೇ ಬಿಡುವುದು ವಾಸಿ.

ಮನೆಯಲ್ಲಿ ನೋಡಬೇಕಾದದ್ದು ಬೇರೆ. ಬೆಳಿಗ್ಗೆ ತಲೆ ಬಾಚುವಾಗ ಹುಡುಗ ಕೈ ಬದಲಾಯಿಸುತ್ತಿದ್ದಾನೆಯೇ? ಶಾಲೆಯ ಚೀಲವನ್ನು ಎಡಭುಜಕ್ಕೇ ಹಾಕಿಕೊಳ್ಳುತ್ತಿದ್ದಾನೆಯೇ? ಮೊಣಕೈಯನ್ನು ಪೂರ್ತಿ ನೀಡಲು ಆಗುತ್ತಿದೆಯೇ? ಎರಡು ವಾರ ಕಳೆದರೂ ನೋವು ಇಳಿಯದಿದ್ದರೆ ಮುಲಾಮು ತಿಕ್ಕಿ ಫೈನಲ್‌ಗೆ ಕಳುಹಿಸುವುದು ಬೇಡ. ನಾಗಮಂಗಲದವರಿಗೆ ಬೆಳ್ಳೂರಿನ ಬಳಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನದಿದೆ, ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ಮೂಳೆ ವೈದ್ಯರ ಮುಂದೆ ಕೂತಾಗ ಅವರು ಮೊದಲು ಕೇಳುವುದು, ವಾರಕ್ಕೆ ಎಷ್ಟು ಬೌಲ್ ಮಾಡುತ್ತೀಯ ಎಂದು. ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ದಿರಬೇಕು.