ಸೈಕಲ್ ಕಳ್ಳರಿಗೊಂದು ಪೀಕಲಾಟ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ನಮ್ಮ ನಾಡಿನ ಹುಡುಗ ಹುಡುಗಿಯರು ಬಂದಿಳಿಯುತ್ತಾರೆ. ಮನೆ ಬಾಡಿಗೆ, ಬಸ್ಸಿನ ಖರ್ಚು ಎಲ್ಲ ಲೆಕ್ಕ ಹಾಕಿ, ವಾರದೊಳಗೆ ಅವರು ಕೇಳುವ ಪ್ರಶ್ನೆ: "ಅಂಕಲ್, ಸೆಕೆಂಡ್ ಹ್ಯಾಂಡ್ ಸೈಕಲ್ ಎಲ್ಲಿ ಸಿಗುತ್ತೆ?" ಸೈಕಲ್ ಸಿಗುವುದು ಸುಲಭ, ಅದನ್ನು ಉಳಿಸಿಕೊಳ್ಳುವುದು ಕಷ್ಟ. ರಾತ್ರಿ ಹನ್ನೊಂದರ ಮೇಲೆ ಹೋಟೆಲಿನ ಪಾಳಿ ಮುಗಿಸಿ ಹೊರಗೆ ಬಂದಾಗ ಕಂಬದ ಬುಡದಲ್ಲಿ ಬರೀ ತುಂಡಾದ ಬೀಗ ಬಿದ್ದಿದ್ದರೆ, ಕೊನೆಯ ಬಸ್ಸೂ ಹೊರಟುಹೋಗಿದ್ದರೆ, ಆ ಹುಡುಗನ ಪಾಡೇನು? ಮರುದಿನದಿಂದ ಬಸ್ಸಿನ ದುಡ್ಡು ಊಟದ ದುಡ್ಡಿನಲ್ಲೇ ಕಳೆಯಬೇಕು. ಆದ್ದರಿಂದ ಇಲ್ಲಿ ಸೈಕಲ್ ತುಳಿಯುವ ನಾವು ಕೆಲವರು ಕಂಡು, ಕೇಳಿ, ಮಾಡಿ ನೋಡಿದ ಉಪಾಯಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ. ಕೆಲವು ವಿಚಿತ್ರವೆನಿಸಬಹುದು. ನಗಬೇಡಿ!

ಮೊದಲು ಬೀಗದ ಮಾತು ಮುಗಿಸಿಬಿಡೋಣ. ಊರಿನಲ್ಲಿ ಹಿಂದಿನ ಚಕ್ರಕ್ಕೆ ಅಡ್ಡ ಬರುವ ಒಂದು ಬಳೆ ಬೀಗ ಇದ್ದರೆ ಸಾಕಾಗಿತ್ತು. ಆ ಕಬ್ಬಿಣದ ಸೈಕಲ್ಲನ್ನು ಹೊತ್ತುಕೊಂಡು ಯಾರು ಹೋಗಬೇಕು? ಇಲ್ಲಿನ ಸೈಕಲ್ಲುಗಳೋ ಹಗುರ, ಹೆಗಲಿಗೇರಿಸಿ ನಡೆದರಾಯಿತು. ಹಾಗಾಗಿ ನೆಲಕ್ಕೆ ಹೂತ ಉಕ್ಕಿನ ಕಂಬಕ್ಕೇ ಕಟ್ಟಬೇಕು, ಅದೂ ಗಟ್ಟಿ ಡಿ-ಲಾಕ್‌ನಿಂದ. ತೆಳ್ಳನೆಯ ಕೇಬಲ್ ಬೀಗ ಒಂದೇ ಇದ್ದರೆ ಅದು ಕಳ್ಳನಿಗೆ ಟ್ವೈನ್ ದಾರವಿದ್ದಂತೆ. ಡಿ-ಲಾಕ್ ಚಿಕ್ಕದಿದ್ದಷ್ಟೂ ಒಳ್ಳೆಯದು, ಒಳಗೆ ಜಾಕ್ ತೂರಿಸಿ ಹಿಗ್ಗಿಸಲು ಜಾಗವಿರುವುದಿಲ್ಲ. ಕಟ್ಟುವ ಮುನ್ನ ಕಂಬವನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಕಂಬವನ್ನೇ ಮೊದಲೇ ಕುಯ್ದು, ಮೇಲೆ ಟೇಪ್ ಸುತ್ತಿ, ಗಿರಾಕಿ ಬರಲೆಂದು ಕಾಯುವ ಮಹಾನುಭಾವರೂ ಇದ್ದಾರೆ!

ದುಬಾರಿ ಬೀಗವನ್ನೇ ಪೂರ್ತಿ ನಂಬುವುದೂ ಸರಿಯಲ್ಲ. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಹೆಸರಾಂತ ಬೀಗಗಳು ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತಿರುವಿದರೆ ತೆರೆದುಕೊಳ್ಳುತ್ತವೆ ಎಂದು ಜಗತ್ತಿಗೇ ಗೊತ್ತಾಗಿ, ಕಂಪನಿ ಬೀಗ ಬದಲಿಸಿ ಕೊಡಬೇಕಾಯಿತು. ಆ ದೋಷ ತಿದ್ದಿದ್ದಾಯಿತು, ಈಗಿನ ಕಾಟ ಬ್ಯಾಟರಿಯಿಂದ ನಡೆಯುವ ಗ್ರೈಂಡರ್ ಯಂತ್ರದ್ದು. ನಾವು ಚಾಪೆ ಕೆಳಗೆ ತೂರಿದರೆ ಕಳ್ಳ ರಂಗೋಲಿ ಕೆಳಗೆ ತೂರುತ್ತಾನೆ. ಬೀಗ ಕೊಡುವುದು ಕೆಲವು ನಿಮಿಷಗಳ ಕಾಲಾವಕಾಶ, ಅಷ್ಟೆ. ಮಿಕ್ಕಿದ್ದನ್ನು ಉಪಾಯದಿಂದಲೇ ಸಾಧಿಸಬೇಕು.

ನಮಗೆ ಬಹಳ ಹಿಡಿಸಿದ ಉಪಾಯ ಸೈಕಲ್ಲನ್ನು ಕುರೂಪ ಮಾಡುವುದು. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಫ್ರೇಮಿನ ಸುತ್ತ ಬಿಗಿಯಾಗಿ ಸುತ್ತಿದರೆ ಕಂಪನಿಯ ಹೆಸರೂ ಮುಚ್ಚುತ್ತದೆ, ಬಣ್ಣವೂ ಮುಚ್ಚುತ್ತದೆ. ಸೀಟಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಮುಗಿಯಿತು, ಮದುವಣಗಿತ್ತಿ ಭಿಕ್ಷುಕಿಯಾದಳು! ಸೀಟನ್ನು ಕಾಯಲು ಇನ್ನೂ ಚೆಂದದ ದಾರಿಯಿದೆ. ಸವೆದ ಸೈಕಲ್ ಚೈನಿನ ತುಂಡೊಂದನ್ನು ಟ್ಯೂಬಿನೊಳಗೆ ತೂರಿಸಿ, ಸೀಟಿನ ಕೆಳಗಿನ ಕಂಬಿಗೂ ಫ್ರೇಮಿಗೂ ಸುತ್ತಿ, ಚೈನ್ ಟೂಲಿನಿಂದ ಕೊಂಡಿ ಕೂಡಿಸಿಬಿಡಿ. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಹಳೇ ಚೈನು ಪುಕ್ಕಟೆ ಸಿಗುತ್ತದೆ. ಅಲೆನ್ ಕೀ ಹಾಕಿ ಬಿಚ್ಚುವ ಬೋಲ್ಟುಗಳ ಗುಳಿಯಲ್ಲಿ ಮೇಣದ ಬತ್ತಿ ಕರಗಿಸಿ ತುಂಬಿದರೂ ಆದೀತು. ನಿಮಗೆ ಬೇಕಾದಾಗ ಸೂಜಿಯಿಂದ ಕೆರೆದು ತೆಗೆಯಬಹುದು, ಕಳ್ಳನಿಗೆ ಅಷ್ಟು ವ್ಯವಧಾನವಿರುವುದಿಲ್ಲ.

ನಿಲ್ಲಿಸುವಾಗ ಅತಿ ಭಾರದ ಗೇರಿಗೆ ಹಾಕಿಟ್ಟರೆ, ಹಾರಿ ಕುಳಿತ ಕಳ್ಳ ಮೊದಲ ತುಳಿತಕ್ಕೇ ತಡವರಿಸುತ್ತಾನೆ. ಬ್ರೇಕಿನ ತಂತಿ ಕಳಚಿಡುವವರೂ ಇದ್ದಾರೆ, ಅದು ಮಾತ್ರ ಬೇಡವೇ ಬೇಡ. ದಣಿದು ಬಂದ ರಾತ್ರಿ ನೀವೇ ಮರೆತು ಹತ್ತಿದರೆ ಗತಿಯೇನು?

2021ರಲ್ಲಿ ಬಂದ ಆಪಲ್ ಕಂಪನಿಯ ಏರ್‌ಟ್ಯಾಗ್ ಎಂಬ ಬಿಲ್ಲೆಯನ್ನು ಸೀಟಿನ ಅಡಿ ಬಚ್ಚಿಡುವುದು ಇತ್ತೀಚಿನ ರೂಢಿ. ಆದರೆ ಅಪರಿಚಿತ ಬಿಲ್ಲೆ ಜೊತೆಗೆ ಬರುತ್ತಿದೆಯೆಂದು ಕಳ್ಳನ ಫೋನಿಗೂ ಎಚ್ಚರಿಕೆ ಹೋಗಬಹುದು. ಸೈಕಲ್ ಎಲ್ಲಿದೆ ಎಂದು ಗೊತ್ತಾದರೂ ಒಬ್ಬರೇ ಹೋಗಿ ಬಾಗಿಲು ತಟ್ಟುವ ಶೂರತನ ಬೇಡ, ಪೊಲೀಸರಿಗೆ ತಿಳಿಸಿ.

ಎಲ್ಲಕ್ಕಿಂತ ವಿಚಿತ್ರವಾದದ್ದು ನ್ಯೂಕಾಸಲ್ ವಿಶ್ವವಿದ್ಯಾಲಯದ ಪ್ರಯೋಗ. ಸೈಕಲ್ ಕಳುವು ಹೆಚ್ಚಾಗಿದ್ದ ಮೂರು ಕಡೆ ಸಂಶೋಧಕರು ದಿಟ್ಟಿಸಿ ನೋಡುವ ಎರಡು ಕಣ್ಣುಗಳ ಚಿತ್ರ, "ಸೈಕಲ್ ಕಳ್ಳರೇ, ನಿಮ್ಮನ್ನು ನೋಡುತ್ತಿದ್ದೇವೆ" ಎಂಬರ್ಥದ ಬರಹ ಇದ್ದ ಫಲಕ ಹಾಕಿದರು. ಕಟ್ಟುತ್ತಿರುವ ಮನೆಗೆ ನಾವು ದೃಷ್ಟಿ ಬೊಂಬೆ ನೇತುಹಾಕುವುದಿಲ್ಲವೇ, ಹಾಗೆ! 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಜಾಗಗಳಲ್ಲಿ ಕಳುವು ಶೇಕಡಾ 62ರಷ್ಟು ಇಳಿಯಿತು. ಆದರೆ ಫಲಕವಿಲ್ಲದ ಕಡೆ ಶೇಕಡಾ 65ರಷ್ಟು ಏರಿತು. ಅಂದರೆ ಕಳ್ಳ ಮನಸ್ಸು ಬದಲಿಸಲಿಲ್ಲ, ಜಾಗ ಬದಲಿಸಿದ ಎಂದಾಯಿತು.

ಇದು ನಮ್ಮನ್ನು ಯೋಚನೆಗೆ ಹಚ್ಚಿತು. ಮೇಲೆ ಹೇಳಿದ ಉಪಾಯಗಳೂ ಬಹುಮಟ್ಟಿಗೆ ಹೀಗೆಯೇ. ನನ್ನ ಸೈಕಲ್ ಉಳಿದು ಪಕ್ಕದವನದು ಹೋಗಬಹುದು, ಮತ್ತು ಆ ಪಕ್ಕದವನೂ ನಮ್ಮ ಹಾಸನದ ಹುಡುಗನೇ ಇರಬಹುದು. ಎಲ್ಲರಿಗೂ ಉಪಯೋಗವಾಗುವುದು ಕದ್ದ ಮಾಲು ಮಾರಲಾಗದಂತೆ ಮಾಡಿದಾಗ. ಊರಿನ ಬಾಡಿಗೆ ಸೈಕಲ್ ಅಂಗಡಿಯವರು ಮಡ್‌ಗಾರ್ಡಿನ ಮೇಲೆ ಅಂಗಡಿಯ ಹೆಸರು, ನಂಬರು ಬರೆಸುತ್ತಿದ್ದುದು ನೆನಪಿದೆಯೇ? ಅದೇ ಜಾಣತನ ಇಲ್ಲಿಯೂ ಇದೆ. ಸೈಕಲ್ಲನ್ನು ತಲೆಕೆಳಗು ಮಾಡಿದರೆ ಪೆಡಲಿನ ಗುಂಬದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ಸಂಖ್ಯೆ ಕೊರೆದಿರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಂಡು, ಪೊಲೀಸರೂ ಬಳಸುವ ಬೈಕ್‌ರಿಜಿಸ್ಟರ್ ಎಂಬ ದಾಖಲೆಯಲ್ಲಿ ಸೇರಿಸಿ.

ಹಳೇ ಸೈಕಲ್ ಕೊಳ್ಳುವವರು ಅದೇ ಬೈಕ್‌ರಿಜಿಸ್ಟರ್‌ನಲ್ಲಿ ಸಂಖ್ಯೆ ಹಾಕಿ, ಕಳುವಾದದ್ದೆಂದು ಯಾರಾದರೂ ದೂರಿತ್ತಿದ್ದಾರೆಯೇ ಎಂದು ಪುಕ್ಕಟೆಯಾಗಿ ನೋಡಬಹುದು. ಮಾರುವವನಿಂದ ರಸೀದಿ ಬರೆಸಿಕೊಳ್ಳಿ. ಸಂಖ್ಯೆಯ ಜಾಗವನ್ನು ಅರದಿಂದ ಉಜ್ಜಿದ್ದರೆ, ಅಥವಾ ನಾನೂರು ಪೌಂಡಿನ ಸೈಕಲ್ಲನ್ನು ರಸ್ತೆ ತಿರುವಿನಲ್ಲಿ ನಿಂತು ನಲವತ್ತಕ್ಕೆ ಕೊಡುತ್ತೇನೆಂದರೆ, ಥ್ಯಾಂಕ್ಯೂ ಹೇಳಿ ಬಸ್ ಹತ್ತಿ.