ಕಾಡುಕೋಳಿಯ ಜಾಡು

ಮಾಘಮಾಸ ಕಳೆದು ಚಳಿ ಹಿಂದೆಗೆಯುವ ಹೊತ್ತಿಗೆ, ನಮ್ಮ ತಾಳವಾಡಿ ಸೀಮೆಯ ಕಾಡಂಚಿನ ಊರುಗಳಲ್ಲಿ ನಸುಕಿನಲ್ಲೇ ಏಳುವವರಿಗೆ ಎರಡು ಬಗೆಯ ಕೋಳಿಗಳ ಕೂಗು ಕೇಳಿಸುವುದುಂಟು. ಒಂದು ಹಿತ್ತಿಲ ಹುಂಜದ್ದು. ಕೊನೆಯ ಸ್ವರವನ್ನು ಉದ್ದಕ್ಕೆ ಎಳೆದು ಊರನ್ನೆಬ್ಬಿಸುವ ಕೂಗು. ಇನ್ನೊಂದು ಹೊಲಗಳಾಚೆಯ ಬಿದಿರುಮೆಳೆಯ ಕಡೆಯಿಂದ ಬರುತ್ತದೆ. ಅದು ಚುಟುಕಾಗಿ, ತುಂಡುತುಂಡಾಗಿ, ಸ್ವಲ್ಪ ಒರಟಾಗಿ ಮೊಳಗಿ, ಎಳೆತವೇ ಇಲ್ಲದೆ ಕತ್ತರಿಸಿದಂತೆ ನಿಂತುಬಿಡುತ್ತದೆ. ಮೊದಲ ಸಲ ಕೇಳಿದವರು ಯಾರದೋ ಮನೆಯ ಕೋಳಿಗೆ ಗಂಟಲು ಕಟ್ಟಿದೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅದು ಕಾಡುಹುಂಜದ ಕೂಗು. ಅಂದಿನಿಂದ ವೈಶಾಖದವರೆಗೆ ಅದರ ಸಂಸಾರದ ಕಾಲ.

ಬಾಲಕ ಬಾಲಿಕೆಯರೇ, ಈ ಕೂಗನ್ನು ನಿಮ್ಮ ತಾತಂದಿರ ಕಾಲದವರು ಬೇರೊಂದು ಕಿವಿಯಿಂದ ಕೇಳುತ್ತಿದ್ದರು. ಅದು ಬೇಟೆಯ ಕರೆ. ಬಂದೂಕು ಹಿಡಿದವನಾಗಲಿ, ಉರುಳು ಒಡ್ಡುವವನಾಗಲಿ, ಬೇಟೆಯ ದಿನಕ್ಕೆ ಮುನ್ನ ಹಲವು ದಿನ ಬರಿಗೈಯಲ್ಲೇ ಅಲೆದು, ಹಕ್ಕಿ ಎಲ್ಲಿ ಮಲಗುತ್ತದೆ, ಎಲ್ಲಿ ಮೇಯುತ್ತದೆ, ಯಾವ ದಾರಿಯಾಗಿ ನೀರಿಗೆ ಬರುತ್ತದೆ ಎಂಬುದನ್ನು ತಿಳಿದುಕೊಳ್ಳುತ್ತಿದ್ದನು. ಕೆಲವರು ಪಳಗಿಸಿದ ಹುಂಜವೊಂದನ್ನು ದೀಮವಾಗಿ ಕಾಡಂಚಿನಲ್ಲಿ ಕಟ್ಟಿ, ಅದರ ಸುತ್ತ ಉರುಳುಗಳನ್ನು ಹೂಡುತ್ತಿದ್ದರು. ತನ್ನ ಎಲ್ಲೆಯೊಳಗೆ ಪರಹುಂಜವೊಂದು ಕೂಗುವುದನ್ನು ಸಹಿಸದ ಕಾಡುಹುಂಜವು ಜಗಳಕ್ಕೆಂದು ಓಡಿಬಂದು ಸಿಕ್ಕಿಬೀಳುತ್ತಿತ್ತು.

ಬೇಟೆ ಈಗ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಕೋಳಿಯನ್ನೂ ರಕ್ಷಿಸುತ್ತದೆ. ನಮ್ಮನ್ನು ಸುತ್ತುವರಿದ ಸತ್ಯಮಂಗಲದ ಕಾಡು 2008ರಲ್ಲಿ ಅಭಯಾರಣ್ಯವಾಗಿ, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇದು ಆಗಬೇಕಾದುದೇ. ಆದರೆ ಬೇಟೆಯೊಡನೆ ಇನ್ನೊಂದೂ ಮರೆಯಾಗುತ್ತಿರುವುದನ್ನು ನಾನು ಕಾಣುತ್ತಿದ್ದೇನೆ. ಹಕ್ಕಿಯ ಜಾಡು ಓದಬಲ್ಲ ಹಿರಿಯರು, ಹಳೆಯ ಬೇಟೆಯ ಮಾತೆತ್ತಿದರೆ ಎಲ್ಲಿ ತಪ್ಪಾದೀತೋ ಎಂದು ಬಾಯಿ ಬಿಡುವುದಿಲ್ಲ. ಕಿರಿಯರು ಕೇಳುವುದೂ ಇಲ್ಲ. ಕೊಲ್ಲುವುದಕ್ಕೆ ಬೇಕಾಗಿದ್ದ ಆ ತಿಳಿವಳಿಕೆಯೇ ಕಾಯುವುದಕ್ಕೂ ಬೇಕು. ಊರಿನ ಮಗ್ಗುಲಲ್ಲಿ ಎಷ್ಟು ಹಕ್ಕಿಗಳಿವೆಯೆಂದು ಅರಿಯದವನಿಗೆ ಅವು ಕಡಿಮೆಯಾದುದು ತಿಳಿಯುವುದಾದರೂ ಹೇಗೆ?

ಈ ಮಾತಿಗೆ ದೂರದ ಅಮೆರಿಕದ ದೃಷ್ಟಾಂತವೊಂದಿದೆ. ಟರ್ಕಿ ಕೋಳಿಯ ತವರು ಆ ಖಂಡ. ಅದು ನಮ್ಮ ದೇಶಕ್ಕೂ ಹೊಸದಲ್ಲ: 1612ರಲ್ಲಿ ಗೋವೆಯಿಂದ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಒಂದು ಟರ್ಕಿ ಕೋಳಿ ಬಂದು, ಆತನು ಬೆರಗಾಗಿ ತನ್ನ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರ ಬರೆಸಿದನು. ಆ ಚಿತ್ರ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿದೆ. ಅಮೆರಿಕದಲ್ಲಾದರೋ ಮಿತಿಯಿಲ್ಲದ ಬೇಟೆಯಿಂದಲೂ ಕಾಡು ಕಡಿದುದರಿಂದಲೂ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅನೇಕ ಪ್ರಾಂತಗಳಲ್ಲಿ ಕಾಡು ಟರ್ಕಿಯ ಹೆಸರೇ ಅಳಿದಿತ್ತು. 1937ರಲ್ಲಿ ಅಲ್ಲಿನ ಸರಕಾರವು ಬಂದೂಕು, ಮದ್ದುಗುಂಡುಗಳ ತೆರಿಗೆಯ ಹಣವನ್ನು ವನ್ಯಜೀವಿಗಳಿಗಾಗಿ ವಿನಿಯೋಗಿಸುವ ಕಾಯಿದೆ ಮಾಡಿತು; ಮುಂದೆ ಉಳಿದಿದ್ದ ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಬರಿದಾದ ಕಾಡುಗಳಿಗೆ ಒಯ್ದು ಬಿಟ್ಟರು. ಈಗ ಅವು ಹಲವು ದಶಲಕ್ಷ. ವಸಂತದಲ್ಲಿ ಗಂಡುಗಳನ್ನು ಮಾತ್ರ, ಗೊತ್ತಾದ ದಿನಗಳಲ್ಲಿ, ಗೊತ್ತಾದ ಸಂಖ್ಯೆಯಲ್ಲಿ ಬೇಟೆಯಾಡಲು ಅಲ್ಲಿ ಅಪ್ಪಣೆ ಉಂಟು. ಬೇಟೆಗಾರರು ವಾರಗಟ್ಟಲೆ ಮುಂಚಿತವಾಗಿಯೇ ಹೋಗಿ ಸುಳಿವು ನೋಡುತ್ತಾರೆ. ಸಂಜೆ ಗೂಬೆಯಂತೆ ಕೂಗಿದರೆ ಮರದ ಮೇಲೆ ಮಲಗಲು ಹತ್ತಿದ ಗಂಡು ಟರ್ಕಿ ಬೆಚ್ಚಿ ಉತ್ತರ ಕೊಡುವುದಂತೆ! ಗಂಡು ಗರಿ ಕೆದರಿ ಮೆರೆದಾಡಿದ ಕಡೆ ರೆಕ್ಕೆಯ ತುದಿಗಳು ಮಣ್ಣಿನಲ್ಲಿ ಗೀರು ಎಳೆದಿರುತ್ತವೆ. ಹಿಕ್ಕೆಯ ಆಕಾರ ನೋಡಿಯೇ ಗಂಡು ಹೆಣ್ಣು ಹೇಳುತ್ತಾರೆ: ಗಂಡಿನದು ಉದ್ದವಾಗಿ ತುದಿ ಬಾಗಿದ್ದು, ಹೆಣ್ಣಿನದು ಸುರುಳಿ ಸುತ್ತಿದ್ದು.

ನಮ್ಮ ಕಾಡುಕೋಳಿಯೂ ಟರ್ಕಿಯೂ ನವಿಲೂ ಒಂದೇ ವಂಶದವು; ಎಲ್ಲವೂ ನೆಲ ಕೆದರಿ ಮೇಯುವವು, ರಾತ್ರಿ ಮರವೇರುವವು. ಆದುದರಿಂದ ಸುಳಿವು ನೋಡುವ ವಿಧಾನವೂ ಬಹುಪಾಲು ಒಂದೇ.

ಮೊದಲು ಹಕ್ಕಿಯ ಪರಿಚಯ. ಉತ್ತರ ಭಾರತದ ಕಾಡುಗಳಲ್ಲಿರುವುದು ಕೆಂಪು ಕಾಡುಕೋಳಿ. ಸಾಕುಕೋಳಿಯ ಮುಖ್ಯ ಮೂಲಪುರುಷ ಅದೇ. ಗೋದಾವರಿಯಿಂದ ದಕ್ಷಿಣಕ್ಕೆ ಇರುವುದು ಬೂದು ಕಾಡುಕೋಳಿ. ಹುಂಜದ ಮೈ ಬೂದು, ಬಾಲ ಹೊಳೆವ ಕಪ್ಪು. ಕತ್ತಿನ ಗರಿಗಳ ಮೇಲೆ ಮೇಣದ ತೊಟ್ಟು ಬಿದ್ದು ಆರಿದಂತೆ ಹೊಂಬಣ್ಣದ ಚುಕ್ಕೆಗಳು. ಈ ಚೆಲುವೇ ಅದಕ್ಕೆ ಮುಳುವಾಗಿತ್ತು. ಯೂರೋಪಿನಲ್ಲಿ ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಕೃತಕ ನೊಣಗಳಿಗಾಗಿ ಆ ಗರಿಗಳಿಗೆ ಬಹಳ ಬೇಡಿಕೆಯಿತ್ತು. ಹೇಂಟೆ ಕಂದುಬಣ್ಣದ್ದು, ಎದೆಯಲ್ಲಿ ಬಿಳುಪಿನ ಮೇಲೆ ಕಪ್ಪು ಗೆರೆ. ತರಗೆಲೆಗಳ ನಡುವೆ ಕುಳಿತರೆ ಕಣ್ಣಿಗೆ ಬೀಳದು. ಇನ್ನೊಂದು ಸ್ವಾರಸ್ಯ. ಸಾಕುಕೋಳಿಗಳಲ್ಲಿ ಅನೇಕಕ್ಕೆ ಕಾಲು ಹಳದಿಯಷ್ಟೆ? ಆ ಹಳದಿಯು ಕೆಂಪು ಕಾಡುಕೋಳಿಯಿಂದ ಬಂದುದಲ್ಲ, ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಜಗತ್ತಿನ ಮೂಲೆಮೂಲೆಯ ಕೋಳಿಗೂಡಿನಲ್ಲಿ ದಕ್ಷಿಣ ಭಾರತದ ಕಾಡಿನ ಒಂದು ಗುರುತು ಹೀಗೆ ನಡೆದಾಡುತ್ತಿದೆ.

ಇನ್ನು ನೆಲದ ಗುರುತುಗಳು. ಬಿದಿರಿನ ಬುಡದಲ್ಲಿ, ಲಂಟಾನದ ಪೊದೆಗಳ ಅಂಚಿನಲ್ಲಿ ತರಗೆಲೆಯನ್ನು ಅತ್ತಿತ್ತ ಎಸೆದು ತಟ್ಟೆಯಗಲದ ಮಣ್ಣು ಬಯಲಾಗಿದ್ದರೆ ಅಲ್ಲಿ ಕೋಳಿ ಕೆದರಿದೆ ಎಂದು ತಿಳಿಯಬಹುದು. ಮಣ್ಣು ಇನ್ನೂ ಹಸಿಯಾಗಿ ಕಪ್ಪಾಗಿದ್ದರೆ ಇಂದಿನದು; ಒಣಗಿ ಬಿಳಿಚಿದ್ದರೆ ಹಳೆಯದು. ಆನೆಯ ಲದ್ದಿಯನ್ನೂ ದನದ ಸಗಣಿಯನ್ನೂ ಅದು ಚೆದುರಿಸಿ ಬೀಜವನ್ನೋ ಹುಳುವನ್ನೋ ಹೆಕ್ಕುತ್ತದೆ. ಬಿದಿರು ಹೂಬಿಟ್ಟು ಅಕ್ಕಿಯಾದ ವರ್ಷವಂತೂ ಕಾಡುಕೋಳಿಗಳು ಗುಂಪುಗುಂಪಾಗಿ ನೆರೆಯುತ್ತವೆ. ಧೂಳಿನಲ್ಲಿ ಹೊರಳಾಡಿದ ಗುಳಿ ಸಿಕ್ಕರೆ ಅದರೊಳಗೆ ಒಂದೆರಡು ಗರಿಯೂ ಸಿಗಬಹುದು. ಹೆಜ್ಜೆಯಲ್ಲಿ ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು. ಹಾಗೆಯೇ ಇದ್ದು ಬಹಳ ದೊಡ್ಡದಾಗಿದ್ದರೆ ನವಿಲಿನದು. ಒಂದು ಮರದಡಿಯಲ್ಲಿ ತುದಿ ಬೆಳ್ಳಗಿರುವ ಹಿಕ್ಕೆ ರಾಶಿಯಾಗಿದ್ದರೆ ಮೇಲೆ ನೋಡಿರಿ, ಅದು ಮಲಗುವ ಕೊಂಬೆ. ಊರ ಸಾಕುಕೋಳಿಗಳೂ ಕಾಡಂಚಿನಲ್ಲಿ ಅಲೆಯುವುದರಿಂದ ಹೆಜ್ಜೆಯೊಂದನ್ನೇ ನಂಬಿ ತೀರ್ಮಾನಿಸಬಾರದು.

ಎಲ್ಲಕ್ಕಿಂತ ನೆಚ್ಚತಕ್ಕ ಗುರುತು ಕೂಗು. ಇದರಲ್ಲಿ ತಪ್ಪೆಣಿಸುವುದೂ ಬಲು ಸುಲಭ. ಒಂದೇ ಹುಂಜ ಒಂದೇ ಕೊಂಬೆಯ ಮೇಲಿಂದ ಹತ್ತಾರು ಸಲ ಕೂಗುತ್ತದೆ. ಇಪ್ಪತ್ತು ಕೂಗು ಕೇಳಿ ಇಪ್ಪತ್ತು ಹುಂಜವೆಂದು ಬರೆದವನು ನಗೆಪಾಟಲಾಗುತ್ತಾನೆ. ಮನೆಯ ತಾರಸಿಯನ್ನೋ ಶಾಲೆಯ ಜಗಲಿಯನ್ನೋ ಆರಿಸಿಕೊಂಡು, ಹೊತ್ತು ಮೂಡುವುದಕ್ಕೆ ಅರ್ಧ ಗಂಟೆ ಮುಂಚಿನಿಂದ, ವಾರಕ್ಕೊಮ್ಮೆ ಅದೇ ಜಾಗದಲ್ಲಿ ಕುಳಿತುಕೊಳ್ಳಿರಿ. ಕಾಗದದ ನಡುವೆ ನಿಮ್ಮ ಜಾಗದ ಚುಕ್ಕೆ ಇಟ್ಟು, ಪ್ರತಿ ಕೂಗಿನ ದಿಕ್ಕಿಗೆ ಗೆರೆ ಎಳೆದು ಗಂಟೆ ನಿಮಿಷ ಬರೆಯಿರಿ. ಊರಿನ ಇನ್ನೊಂದು ತುದಿಯಲ್ಲಿ ಗೆಳೆಯನೊಬ್ಬನು ಅದೇ ಹೊತ್ತಿಗೆ ಅದೇ ಕೆಲಸ ಮಾಡಲಿ. ಬಳಿಕ ಊರಿನ ನಕ್ಷೆಯ ಮೇಲೆ ಇಬ್ಬರ ಗೆರೆಗಳನ್ನೂ ಇಳಿಸಿದರೆ, ಅವು ಕೂಡುವ ಕಡೆ ಹುಂಜವಿತ್ತು. ಗಣಿತದ ತರಗತಿಯಲ್ಲಿ ತ್ರಿಕೋನವೇಕೆ ಎಂದು ಕೇಳುವವರಿಗೆ ಇದು ಸಾಕಾದ ಉತ್ತರ. ಒಂದರ ಮೇಲೊಂದು ಬೀಳುವಂತೆ ಎರಡು ದಿಕ್ಕಿನಿಂದ ಕೂಗು ಬಂದರೆ ಎರಡು ಹುಂಜಗಳಿವೆಯೆನ್ನಲು ಅಡ್ಡಿಯಿಲ್ಲ. ಹೇಂಟೆ ಹೀಗೆ ಕೂಗುವುದಿಲ್ಲ. ಆದ್ದರಿಂದ ಈ ಲೆಕ್ಕ ಹುಂಜಗಳದು ಮಾತ್ರ ಎಂದು ತಲೆಬರಹದಲ್ಲೇ ಬರೆದುಬಿಡಿರಿ. ಪೊಂಗಲ್ ಹಬ್ಬದ ದಿನಗಳಲ್ಲಿ ತಮಿಳುನಾಡಿನ ಪಕ್ಷಿಪ್ರಿಯರು ಹಕ್ಕಿ ಎಣಿಸುವ ವಾಡಿಕೆ ಬೆಳೆದಿದೆ. ಸಂಕ್ರಾಂತಿಗೆ ಅಭ್ಯಾಸ ಆರಂಭಿಸಿದರೆ, ಕೂಗು ಏರುವ ಫಾಲ್ಗುಣಕ್ಕೆ ಕಿವಿ ಹದವಾಗಿರುತ್ತದೆ.

ತಂದೆತಾಯಂದಿರಲ್ಲಿ ಒಂದು ಬಿನ್ನಹ. ನಸುಕಿನ ಹೊತ್ತು ಕೋಳಿಗೆ ಮಾತ್ರ ಸೇರಿದ್ದಲ್ಲ. ರಾತ್ರಿ ಹೊಲಕ್ಕಿಳಿದ ಆನೆಗಳು ಕಾಡಿಗೆ ಮರಳುವುದೂ ಆಗಲೇ; ಕರಡಿ, ಚಿರತೆಗಳ ಸಂಚಾರವೂ ಉಂಟು. ಹಾಸನೂರು, ತಲಮಲೆ, ಗೇರ್ಮಾಳದ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮಕ್ಕಳು ಊರೊಳಗಿನ ಎತ್ತರದ ಜಾಗದಿಂದಲೇ ಕೇಳಲಿ. ನೆಲದ ಗುರುತುಗಳನ್ನು ಬಿಸಿಲೇರಿದ ಮೇಲೆ, ನಮ್ಮ ಹೊಲದ ಬದುವಿನಲ್ಲೇ, ಹಿರಿಯರೊಡನೆ ನೋಡಲಿ. ಅಪ್ಪಣೆಯಿಲ್ಲದೆ ಕಾಡನ್ನು ಹೊಗುವುದು ಸರ್ವಥಾ ಕೂಡದು.

ಸುಳಿವು ನೋಡುವುದರಲ್ಲಿ ಎಲ್ಲಿ ನಿಲ್ಲಬೇಕೆಂಬುದು ಕಲಿಯಲು ಎಲ್ಲಕ್ಕಿಂತ ಕಷ್ಟವಾದ ಭಾಗ. ನಾನು ಏಳನೆಯ ತರಗತಿಯಲ್ಲಿದ್ದಾಗ ಬೇಲಿಯ ಪೊದೆಯ ಕೆಳಗೆ ಕಾಡುಹೇಂಟೆಯೊಂದು ಕಾವು ಕುಳಿತಿದ್ದುದನ್ನು ಕಂಡೆ. ಗೂಡೆಂದರೆ ನೆಲದಲ್ಲಿ ಸ್ವಲ್ಪ ಕೆದರಿದ ತಗ್ಗು, ಮೇಲೆ ನಾಲ್ಕು ಒಣ ಎಲೆ; ಅದರಲ್ಲಿ ಕೆನೆಬಣ್ಣದ ಐದು ಮೊಟ್ಟೆ. ಮುಟ್ಟಲಿಲ್ಲ, ನೋಡುವುದರಿಂದೇನು ಕೇಡು ಎಂದುಕೊಂಡು ದಿನಕ್ಕೆರಡು ಸಲ ಹೋಗಿ ಇಣುಕಿದೆ, ಗೆಳೆಯರನ್ನೂ ಕರೆದೊಯ್ದೆ. ನಾಲ್ಕನೆಯ ದಿನ ಹುಲ್ಲು ತುಳಿದು ಪೊದೆಯವರೆಗೆ ಚೊಕ್ಕವಾದ ಕಾಲುದಾರಿಯೇ ಆಗಿತ್ತು. ಐದನೆಯ ದಿನ ಚಿಪ್ಪುಗಳು ಮಾತ್ರ ಇದ್ದವು. ಮುಂಗುಸಿಯೋ ನಾಯಿಯೋ ನಾನರಿಯೆ, ದಾರಿ ಮಾಡಿಕೊಟ್ಟವನು ನಾನು. ಮೂರು ವಾರ ಕಾವು ಕೊಡಬೇಕಾದ ತಾಯಿ ಮತ್ತೆ ಅಲ್ಲಿ ಕಾಣಿಸಲಿಲ್ಲ.

ಬೇಟೆ ಎಂಬ ಪದಕ್ಕೆ ಕಾಯಿದೆಯಲ್ಲಿರುವ ಅರ್ಥವನ್ನು ಎಷ್ಟೋ ವರ್ಷಗಳ ಮೇಲೆ ಓದಿದೆ. ಕೊಲ್ಲುವುದು, ಹಿಡಿಯುವುದು, ಉರುಳೊಡ್ಡುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದೂ, ಮೊಟ್ಟೆಗೂಡುಗಳನ್ನು ಕಲಕುವುದೂ ಬೇಟೆಯೇ. ಆ ಬೇಲಿಯ ಪೊದೆ ನೆನಪಾಯಿತು. ಆದುದರಿಂದ ಫೆಬ್ರವರಿಯಿಂದ ಮೇ ತಿಂಗಳವರೆಗೆ ಹೇಂಟೆ ಕಾಲಬುಡದಿಂದ ತಟ್ಟನೆ ಹಾರಿದರೆ ಗೂಡನ್ನು ಹುಡುಕಬೇಡಿರಿ, ಬಂದ ದಾರಿಯಲ್ಲೇ ಹಿಂದಿರುಗಿರಿ. ಪುಸ್ತಕದಲ್ಲಿ ತಾರೀಖು ಬರೆಯಿರಿ, ಜಾಗವನ್ನು ಯಾರಿಗೂ ಹೇಳಬೇಡಿರಿ. ರಬ್ಬರು ಕವಣೆಯ ವಿಷಯ ಬೇರೆ ಹೇಳಬೇಕೆ? ಸಾಕುನಾಯಿಯನ್ನೂ ಆ ದಿನಗಳಲ್ಲಿ ಕಾಡಂಚಿಗೆ ಬಿಡದಿದ್ದರೆ ಒಳ್ಳೆಯದು.

ಲೆಕ್ಕ ಇಡುವವರು ಇನ್ನೊಂದು ತಿಳಿದಿರಬೇಕು. ಮುಂಗಾರು ಹಿಡಿದ ಮೇಲೆ ಹುಂಜವು ಕತ್ತಿನ ಚುಕ್ಕೆಗರಿಗಳನ್ನು ಉದುರಿಸಿ ಕೆಲವು ತಿಂಗಳು ಮಂಕಾದ ಉಡುಪಿನಲ್ಲಿರುತ್ತದೆ. ಕೂಗೂ ಬಹಳ ಇಳಿಯುತ್ತದೆ. ಆಷಾಢದಲ್ಲಿ ನಾಲ್ಕು ವಾರ ಕುಳಿತು ಒಂದು ಕೂಗೂ ಕೇಳದೆ, ಹಕ್ಕಿಗಳೆಲ್ಲ ನಾಶವಾದವೆಂದು ಯಾರೂ ಬರೆಯಬಾರದು. ಈ ವರ್ಷದ ಫಾಲ್ಗುಣವನ್ನು ಬರುವ ವರ್ಷದ ಫಾಲ್ಗುಣದೊಡನೆಯೇ ತೂಗಿ ನೋಡಬೇಕು. ಹಾಗೆ ಮೂರು ನಾಲ್ಕು ವರ್ಷಗಳ ಹಾಳೆಗಳು ಕೂಡಿದ ಬಳಿಕ, ಅವನ್ನು ಹಳೆಯ ಜಾಡುಗಾರರೊಬ್ಬರ ಮುಂದಿಟ್ಟು, ಅಜ್ಜ, ನಿಮ್ಮ ಕಾಲದಲ್ಲಿ ಈ ಮೆಳೆಯಲ್ಲಿ ಎಷ್ಟು ಕೂಗುತ್ತಿದ್ದವು ಎಂದು ಕೇಳಿ ನೋಡಿರಿ.